ಕಣ್ಣಳತೆ ತಪ್ಪಿದ ಮುಖವಾಡ

"ಉಸಿರು ಬಿಗಿಹಿಡೀರಿ... ಅಲುಗಾಡಬೇಡಿ!"

"ಎಷ್ಟು ಹೊತ್ತು? ನಾಟಕದಲ್ಲಿ ಸಾಯೋಕೆ ಮುಂಚೆ ಇಲ್ಲೇ ಸಾಯಿಸ್ತೀಯಾ?"

ಮುಖವಾಡದ ಅಚ್ಚಿಗೆಂದು ಮುಖಕ್ಕೆ ಒತ್ತಿದ್ದ ಒದ್ದೆ ನಾರುಬಟ್ಟೆಯ ಕೆಳಗಿನಿಂದ ಬಂದ ಆ ಮಾತಿಗೆ ಫಿಲಿನ್ನಾ ನಕ್ಕುಬಿಟ್ಟಳು. ಅವಳ ಹೆಬ್ಬೆರಳುಗಳು ತೆಲೆಸ್‌ನ ಹುಬ್ಬಿನ ಮೇಲಿದ್ದವು. ಅಥೆನ್ಸಿನ ಅರ್ಧ ಹುಡುಗಿಯರು ಕನಸು ಕಾಣುವ ನಟನ ಮುಖ ಅದು.

ಮುಖವಾಡ ಮಾಡುವವನು ಅವಳಪ್ಪ ಎಂದೇ ಊರು ನಂಬಿತ್ತು. ಆದರೆ ಅಪ್ಪನ ಕೈ ನಡುಗತೊಡಗಿ ಎರಡು ವರ್ಷವಾಗಿತ್ತು. ಕೆಲಸವೆಲ್ಲ ಮಗಳದೇ. ಕಣ್ಣಿನಿಂದ ಕಣ್ಣಿಗೆ, ಹಣೆಯಿಂದ ಗಲ್ಲಕ್ಕೆ ದಾರ ಹಿಡಿದು ಗಂಟು ಹಾಕಿಟ್ಟುಕೊಳ್ಳುವಳು. ಒಬ್ಬೊಬ್ಬ ನಟನಿಗೆ ಒಂದೊಂದು ದಾರ.

ಅಳತೆ ಮುಗಿದರೂ ತೆಲೆಸ್ ನೆಪ ಹುಡುಕಿಕೊಂಡು ಬರುತ್ತಲೇ ಇದ್ದ. ಈ ಸಲ ಅವನದು ರಾಜನ ಪಾತ್ರ. ದೂರದ ಹಡಗನ್ನು ಶತ್ರುವಿನದೆಂದು ತಿಳಿದು ಸುಡಿಸುತ್ತಾನೆ. ಒಳಗಿದ್ದವನು ಸ್ವಂತ ಮಗ!

"ತಾನೇ ಮಾಡ್ಕೊಂಡಿದ್ದಕ್ಕೆ ಜನ ಯಾಕೆ ಅಳ್ತಾರೆ?" ಎಂದು ಅವಳು ಕೇಳಿದ್ದಳು.

"ಕೆಟ್ಟವನು ಬಿದ್ರೆ ಜನ ಚಪ್ಪಾಳೆ ತಟ್ತಾರೆ. ಇವನು ಕೆಟ್ಟವನಲ್ಲ, ನಮ್ಮ ಹಾಗೇ. ದುಡುಕಿದ, ಒಂದೇ ಒಂದು ಸಲ..."

ನಾಟಕ ಆಡುವ ದೇವರ ಹಬ್ಬಕ್ಕೆ ಮೂರು ದಿನವಿತ್ತು. ಕುಂಬಾರರ ಬೀದಿಯಲ್ಲಿ ತೆಲೆಸ್ ಉದ್ದ ಕತ್ತಿನ ಕೊಡವೊಂದನ್ನು ಎದೆಗವಚಿಕೊಂಡು ಹೋಗುತ್ತಿದ್ದ. ಮದುವೆ ಹೆಣ್ಣಿಗೆ ಮಂಗಳಸ್ನಾನದ ನೀರು ತರುವ ಕೊಡ!

'ಮದುವೆ! ನನ್ನ ಹತ್ತಿರ ಬರೀ ನಾಟಕ ಆಡಿದನಾ...'

ಫಿಲಿನ್ನಾ ಅವನ ದಾರವನ್ನು ಒಲೆಗೆಸೆದಳು. ಕೆಲಸ ಮಾತ್ರ ಬಾಕಿಯಿತ್ತು. ಕಣ್ಣೀರು ಒರೆಸಿಕೊಳ್ಳುತ್ತಲೇ ಮುಖವಾಡಕ್ಕೆ ಕಣ್ಣು ಕೊರೆದಳು. 'ದಾರ ಯಾಕೆ? ಆ ಮುಖ ನನ್ನ ಬೆರಳಿಗೇ ಗೊತ್ತು' ಎಂಬ ಹಮ್ಮು ಬೇರೆ.

ಗೊತ್ತಿರಲಿಲ್ಲ.

ಹಬ್ಬದ ದಿನ, ಸತ್ಯ ತಿಳಿದ ರಾಜ ತಪ್ಪೊಪ್ಪಿಕೊಳ್ಳಲು ಅರಮನೆಯ ಮೆಟ್ಟಿಲಿಳಿದು ಬರುವ ಗಳಿಗೆ. ಇಡೀ ರಂಗಮಂದಿರ ಉಸಿರು ಬಿಗಿಹಿಡಿದಿತ್ತು. ತೆಲೆಸ್‌ನ ಕಾಲು ಮೆಟ್ಟಿಲು ತಪ್ಪಿತು. ಹಿಂದಿನ ಸಾಲಿನಲ್ಲಿ ಹೆಂಗಸರ ನಡುವೆ ಕೂತಿದ್ದ ಫಿಲಿನ್ನಾಳಿಗೆ ಮೂಳೆ ಮುರಿದ ಸದ್ದು ಕೇಳಿಸಿದಂತಾಯಿತು.

"ಕುಡಿದು ಬಂದಿದ್ದ!" ಎಂದಿತು ಊರು. ಹಬ್ಬದ ಬಗೆಗಿನ ದೂರು ಕೇಳಲು ಸಭೆ ಸೇರುವುದು ನಾಳೆ. ದೇವರ ಹಬ್ಬವನ್ನು ಕುಡಿದು ಕೆಡಿಸಿದವನೆಂದು ತೀರ್ಮಾನವಾದರೆ ಅವನು ಮತ್ತೆ ರಂಗ ಹತ್ತುವಂತಿಲ್ಲ. ಆದರೂ ತೆಲೆಸ್ ತುಟಿ ಬಿಚ್ಚಿರಲಿಲ್ಲ.

ಫಿಲಿನ್ನಾ ಮುಖವಾಡವನ್ನು ತರಿಸಿ ನೋಡಿದಳು. ಎಡಗಣ್ಣು ಅರ್ಧ ಬೆರಳು ಪಕ್ಕಕ್ಕಿತ್ತು. ಅಪ್ಪನ ಕಾಲು ಹಿಡಿದು ಎಲ್ಲ ಹೇಳಿ, ತೆಲೆಸ್‌ನ ಮನೆಯತ್ತ ಹೊರಟಳು.

ಊರಬಾಗಿಲಾಚೆ, ಸಮಾಧಿಗಳ ಸಾಲಿನಲ್ಲಿ ಅವಳ ಕಾಲು ನಿಂತಿತು. ಅದೇ ಕೊಡ! ಪಕ್ಕದಲ್ಲಿ ಕೂತು ಸಮಾಧಿಗೆ ಎಣ್ಣೆ ಎರೆಯುತ್ತಿದ್ದವಳು ತೆಲೆಸ್‌ನ ತಾಯಿ.

"ಚಳಿಗಾಲದಲ್ಲಿ ಹೋಗ್ಬಿಟ್ಲು ನನ್ನ ಮಗಳು," ಎಂದಳು ಆಕೆ. "ಮದುವೆ ನೀರು ಕಾಣದೆ ಹೋದೋಳಲ್ವಾ... ಹಬ್ಬಕ್ಕೆ ಮುಂಚೆ ಅವಳಣ್ಣ ತಂದಿಟ್ಟ."

ಮದುವಣಗಿತ್ತಿಗೂ ಅದೇ ಕೊಡ, ಮದುವೆಯಾಗದೆ ಸತ್ತವಳ ಸಮಾಧಿಗೂ ಅದೇ ಕೊಡ. ಇಷ್ಟು ತಿಳಿಯದವಳೇನಲ್ಲ ಫಿಲಿನ್ನಾ. ಹೊಟ್ಟೆಕಿಚ್ಚು ಒಂದನ್ನೇ ತೋರಿಸಿತ್ತು.

ತೆಲೆಸ್ ಅಂಗಳದಲ್ಲಿ, ಕಾಲಿಗೆ ಹಲಗೆ ಕಟ್ಟಿಸಿಕೊಂಡು ಮಲಗಿದ್ದ.

"ನಾನು... ನಾನೇ ನಿಮ್ಮನ್ನ ಬೀಳಿಸಿದ್ದು!" ಅವಳು ಬಿಕ್ಕುತ್ತ ಕೊಡ, ದಾರ, ಒಲೆ ಎಲ್ಲವನ್ನೂ ಹೇಳಿದಳು.

"ಮುಖವಾಡ ಹಾಕ್ಕೊಂಡ ತಕ್ಷಣ ಗೊತ್ತಾಯ್ತು, ಎಡಗಣ್ಣಿಗೆ ಕಾಣ್ತಿಲ್ಲ ಅಂತ. ನೂರು ಸಲ ಇಳಿದ ಮೆಟ್ಟಿಲು ತಾನೇ ಅಂದ್ಕೊಂಡೆ. ದುಡುಕಿದ್ದು ನೀನೊಬ್ಬಳೇ ಅಲ್ಲ."

"ಮತ್ತೆ ಊರವರ ಹತ್ತಿರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪನ ಕೆಲಸಕ್ಕೇ ಕಲ್ಲು ಬೀಳ್ತಿತ್ತು."

"ಬೀಳ್ಲಿ. ಸಭೇಲಿ ಹೆಂಗಸರು ಮಾತಾಡೋ ಹಾಗಿಲ್ಲ. ಅದಕ್ಕೇ ನಾಳೆ ಅಪ್ಪ ಆ ಮುಖವಾಡ ತೋರಿಸ್ತಾರೆ, ಕೊರೆದದ್ದು ನನ್ನ ಮಗಳು ಅಂತ ಹೇಳ್ತಾರೆ."

"ಹುಚ್ಚಿ! ನಿನಗೇನು ಗೊತ್ತಿತ್ತು, ನಾನು ಬೀಳ್ತೀನಿ ಅಂತ?"

"ನಿಮ್ಮ ರಾಜನಿಗೂ ಗೊತ್ತಿರ್ಲಿಲ್ಲ. ಹಾಗಂತ ಅವನು ತಪ್ಪಿಸ್ಕೊಂಡ್ನಾ? ನಾನೇ ಮಾಡಿದ್ದು ಅಂತ ಎಲ್ಲರ ಮುಂದೆ ಇಳಿದು ಬರ್ಲಿಲ್ವಾ?"

ತೆಲೆಸ್ ಮೊಣಕೈ ಊರಿ ಎದ್ದು ಕೂತ. ಆ ಪಾತ್ರವನ್ನು ತಿಂಗಳುಗಟ್ಟಲೆ ಉರುಹೊಡೆದವನು ತಾನು, ಅರ್ಥ ಮಾಡಿಕೊಂಡವಳು ಇವಳು ಅನ್ನಿಸಿತು.

"ಈ ಕಾಲು ಸರಿಹೋಗುತ್ತೋ ಇಲ್ವೋ... ಕುಂಟನ್ನ ಮದುವೆ ಆಗ್ತೀಯಾ?"

ಅವಳು ತಲೆ ತಗ್ಗಿಸಿ, ಹೂಂ ಎಂದಳು.

"ಪ್ರಾಯಶ್ಚಿತ್ತಕ್ಕೆ ಆಗೋದಾದ್ರೆ ಬೇಡ, ಫಿಲಿನ್ನಾ."

"ನನ್ನ ತಪ್ಪಿಗೆ ಇನ್ನೂ ಹತ್ತು ದಿನ ಆಗಿಲ್ಲ," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ಪ್ರೀತಿ ಅದಕ್ಕಿಂತ ಹಳೇದು ಕಣೋ."

"ಏನಂದೆ? ಕಣೋ ಅಂದ್ಯಾ?"

"ಹೂಂ. ಅಂದೆ."