ಕೌದಿಯಾದ ಮೂರು ಕನ್ನಡಿ

ಆಗಿನ ಕಾಲದಲ್ಲಿ, ಏಳು ಗುಡ್ಡದಾಚೆ, ಹಂಸಗಿರಿ ಎಂಬ ರಾಜ್ಯವಿತ್ತು. ಕೋಟೆಗೆ ಮೂರು ಬುರುಜು, ಬುರುಜಿಗೊಂದು ಮಾಯಾಗನ್ನಡಿ, ಕನ್ನಡಿಗೊಬ್ಬ ಕಾವಲುಗಾರ. ಮೂವರಿಗೂ ಮೀಸೆ ಬೇಕಾದಷ್ಟಿತ್ತು, ಬುದ್ಧಿಯ ಮಾತು ಬೇಡ ಬಿಡಿ.

ಆ ಊರಲ್ಲಿ ಶಾವಂತ್ರವ್ವ ಎಂಬವಳಿದ್ದಳು. ಹಳೆಯ ಸೀರೆಯ ತುಂಡು ಕೂಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಅವಳ ಮಗಳು ಚಂಪಾಳನ್ನು ಮಾಂತ್ರಿಕ ಕಾಳಕೇಶಿ ಹಾವಾಗಿ ಬಂದು ನುಂಗಿಬಿಟ್ಟ. ಅವನು ನುಂಗಿದವರು ಮೂರನೆಯ ದಿನ ಹೊತ್ತು ಮುಳುಗಿದರೆ ಕಲ್ಲಾಗುತ್ತಾರೆ. ಬರಿಗಣ್ಣಿಗೆ ಕಾಣದವನು ಅವನು. ಮಾಯಾಗನ್ನಡಿಯಲ್ಲಿ ತಲೆಯಿಂದ ಬಾಲದವರೆಗೆ ಒಂದೇ ನೋಟಕ್ಕೆ ಕಂಡರೆ ಮಾತ್ರ ಮಾಟ ಮುರಿಯುತ್ತದೆ.

ಮೊದಲ ದಿನ ಶಾವಂತ್ರವ್ವ ಮೂಡಣ ಬುರುಜಿಗೆ ಓಡಿದಳು. "ಯಣ್ಣಾ, ಹಾವು ಕಂಡತೇನು?"

"ಇಲ್ಲಬೇ ಯವ್ವಾ, ಇವತ್ತ ಒಂದು ಕರೀ ಬಂಡೆಗಲ್ಲು ಬಂದು ಬಿದ್ದೈತಿ ಅಷ್ಟ. ಅದರಾಚೆ ನನ್ನ ಗಡಿ ಅಲ್ಲ, ಪಕ್ಕದಾವನ್ನ ಕೇಳು."

ಎರಡನೆಯ ದಿನ ತೆಂಕಣ ಬುರುಜು. "ಹಾವೆಲ್ಲೀದು? ನಿನ್ನೆ ಯಾರೋ ಕರೀ ಒಡ್ಡು ಹಾಕ್ಯಾರ. ಪಕ್ಕದಾವನ್ನ ಕೇಳು."

ಮೂರನೆಯ ದಿನ ಪಡುವಣ ಬುರುಜು. "ಮೊನ್ನೆ ಒಂದು ಕರೀ ಮರ ಬಿದ್ದೈತಿ. ಮೂಡಣದಾವನ್ನ ಕೇಳು."

"ಮತ್ತ ಮೂಡಣಕ್ಕ?" ಶಾವಂತ್ರವ್ವನ ಪಿತ್ತ ನೆತ್ತಿಗೇರಿತು. "ನಿಮ್ಮ ಬಾಯಾಗ ಮಣ್ಣು ಬೀಳ! ಬಂಡೆಗಲ್ಲು, ಒಡ್ಡು, ಮರ, ಎಲ್ಲಾ ಕರೇವು, ಎಲ್ಲಾ ಮೊನ್ನೆ ಬಂದಾವು. ತಲಿ ಇರೋದು ಮುಂಡಾಸ ಸುತ್ತಾಕ ಅಷ್ಟ ಏನು? ಮೂರೂ ಕನ್ನಡಿ ಕೆಳಗ ಇಳಸ್ರಿ!"

ಗದ್ದಲ ಕೇಳಿ ಬಂದ ರಾಜ ಹೂಂ ಅಂದ. ಕನ್ನಡಿಗಳು ಅಂಗಳಕ್ಕೆ ಇಳಿದವು. ಎಲ್ಲಿಟ್ಟರೂ ತಮ್ಮ ತಮ್ಮ ದಿಕ್ಕನ್ನೇ ತೋರಿಸುವ ಕನ್ನಡಿಗಳು ಅವು. ಸಾಲಾಗಿ ಇಟ್ಟರೆ ನಡುನಡುವೆ ಗೇಣಗಲ ಕಪ್ಪು ಪಟ್ಟಿ! ಶಾವಂತ್ರವ್ವ ಉಗುರಿನಿಂದ ಕೆರೆದು ನೋಡಿದಳು. ದೀಪದ ಮಸಿ.

"ಇದನ್ಯಾರು ಹಚ್ಚಿದ್ರು?"

"ನಾವ," ಎಂದರು ಮೂವರೂ ಹೆಮ್ಮೆಯಿಂದ. "ಅಂಚಿನಾಗ ಪಕ್ಕದಾವನ ಗಡಿ ಕಾಣತಿತ್ತು. ಇನ್ನೊಬ್ಬರದನ್ನ ನೋಡಬಾರದಂತ ಮರ್ಯಾದಿಗೆ ಮುಚ್ಚೀವಿ."

ಶಾವಂತ್ರವ್ವ ಹಣೆ ಹಣೆ ಬಡಿದುಕೊಂಡಳು. ಇಂಥ ಮರ್ಯಾದೆಗೆ ಏನು ಹೇಳುತ್ತೀರಿ! ಸೂರ್ಯ ಆಗಲೇ ಗುಡ್ಡದ ನೆತ್ತಿಗೆ ಇಳಿದಿದ್ದ.

"ಬರೇ ಅಂಚಿಗೆ ಅಂಚು ತಾಗಿಸಿ ಹೊಲದ್ರ ಕೌದಿ ಒಂದ ಸಲ ಒಗಿಯೂದ್ರಾಗ ಹರೀತೈತಿ. ಒಂದರ ಅಂಚಿನ ಮ್ಯಾಲೆ ಇನ್ನೊಂದರ ಅಂಚು ಹತ್ತಬೇಕು, ತಿಳೀತಾ?"

ಸೆರಗಿನಿಂದ ಮಸಿ ಒರೆಸಿದಳು. ಮೂಡಣ ಕನ್ನಡಿಯ ಬಲ ಅಂಚಿನಲ್ಲಿ ಒಂದು ಬೇವಿನ ಮರ. ತೆಂಕಣದ ಎಡ ಅಂಚಿನಲ್ಲೂ ಅದೇ ಬೇವು. ಬೇವಿನ ಮೇಲೆ ಬೇವು ಇಟ್ಟಳು. ತೆಂಕಣಕ್ಕೂ ಪಡುವಣಕ್ಕೂ ಒಂದೇ ಬಾವಿ. ಬಾವಿಯ ಮೇಲೆ ಬಾವಿ ಇಟ್ಟಳು. ನೀರಿಗೆ ನೀರು ಕೂಡಿದಂತೆ ಮೂರೂ ಸೇರಿ ಒಂದೇ ಕನ್ನಡಿಯಾಯಿತು.

ಬಂಡೆ ತಲೆಯಾಗಿತ್ತು. ಒಡ್ಡು ಹೊಟ್ಟೆಯಾಗಿತ್ತು. ಮರ ಬಾಲವಾಗಿತ್ತು. ಹಾವು ಕೋಟೆಯನ್ನೇ ಬಳಸಿ ಮಲಗಿತ್ತು.

"ಸಿಕ್ಕಿ ನೋಡು, ಕಾಳಕೇಶಿ!"

ಹಾವು ಬಿರಿಯಿತು, ಮಾಂತ್ರಿಕ ಬೂದಿಯಾದ. ಬಾವಿಯ ದಂಡೆಯಲ್ಲಿ ಚಂಪಾ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದಳು. ಶಾವಂತ್ರವ್ವ ಬಿದ್ದೆನೋ ಎದ್ದೆನೋ ಎಂದು ಓಡಿದಳು.

"ಕೋಟಿ ಹೊರಗ ಒಬ್ಬಾಕೀನ ಹೋಗಬ್ಯಾಡಂತ ಎಷ್ಟ ಸಲ ಬಡಕೊಂಡೇನಿ!" ಎಂದು ಬೆನ್ನಿಗೊಂದು ಗುದ್ದಿದಳು. ಗುದ್ದಿದ ಕೈಯಲ್ಲೇ ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು.

ಆಮೇಲೆ ಹಂಸಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು. ಆ ಮೂವರು ಕಾವಲುಗಾರರೂ ಸುಖವಾಗಿಯೇ ಇದ್ದರು. ಏನು ಮಾಡುವುದು, ಎಲ್ಲರೂ ಅಂದಮೇಲೆ ಅವರೂ ಬಂದರಲ್ಲ.