ನರೇಶನ ತೋಳಿನ ಬೊಬ್ಬೆ

ವೇಣುವಿನ ಹೆಣ ಸಿಕ್ಕಿದ್ದು ನಂದಿದುರ್ಗ ಚಿನ್ನದ ಗಣಿಯ ಸೈನೈಡ್ ದಿಬ್ಬದ ಮೇಲೆ. ತಲೆ ಕಲ್ಲೇಟಿಗೆ ಒಡೆದಿತ್ತು. ಚಿನ್ನ ತೆಗೆದು ಸುರಿದ, ಗರಿಕೆಯೂ ಹುಟ್ಟದ ಬೂದು ಮಣ್ಣು ಅದು. ನಾನು, ಬಾಲಾಜಿ, ವಿಜಯಕುಮಾರ್ ಸೇರಿ ಹೆಣ ಇಳಿಸಿದೆವು. ವಿಜಯಕುಮಾರ್ ಮಾತ್ರ ಕೈಗಳಿಗೆ ಗೊಬ್ಬರದ ಚೀಲ ಸುತ್ತಿಕೊಂಡಿದ್ದ. ರಕ್ತ ಕಂಡರೆ ಹೇಸಿಗೆಯೇನೋ ಅಂದುಕೊಂಡೆ.

ಕೆಳಗೆ ಬರುವಷ್ಟರಲ್ಲಿ ನನಗೂ ಬಾಲಾಜಿಗೂ ಮೈಯೆಲ್ಲ ತುರಿಕೆ, ಉರಿ.

"ನಸುಗುನ್ನಿ ಕಾಯಿನ ಕೂದ್ಲು ಕಣಣ್ಣಾ! ಎಣದ ಬಟ್ಟೆಗೆಲ್ಲಾ ಅಂಟ್ಕೊಂಡದೆ," ಎಂದ ಬಾಲಾಜಿ.

ಅಂದಮೇಲೆ ಕೊಲೆ ನಡೆದದ್ದು ಬೇರೆಲ್ಲೋ ನಸುಗುನ್ನಿ ಪೊದೆಯಲ್ಲಿ, ಕೊಂದವನ ಮೈಯೂ ಕೆಟ್ಟಿರಬೇಕು. ಅದೇ ಹೊತ್ತಿಗೆ ನರೇಶ ಎದುರಾದ. ತೋಳಿನ ತುಂಬ ಬೊಬ್ಬೆ. ಹೋದ ವಾರವಷ್ಟೇ ಮೇವಿಗಾಗಿ ವೇಣುವಿನ ಜೊತೆ ಹೊಡೆದಾಡಿದ್ದ. ಹಿಡಿದು ಲೈಟು ಕಂಬಕ್ಕೆ ಕಟ್ಟಿದೆವು. ಮೊದಲ ಏಟು ನನ್ನದೇ, ಮುಚ್ಚಿಡುವುದೇಕೆ? ವಿಜಯಕುಮಾರನ ಗುದ್ದಿಗೆ ನರೇಶನ ಎರಡು ಹಲ್ಲು ಉದುರಿ, ಗುದ್ದಿದವನ ಮುಷ್ಟಿಯೆಲ್ಲ ರಕ್ತವಾಯಿತು. ಯಾರೋ ಕಬ್ಬಿಣದ ಸಲಾಕೆ ತಂದರು. ಇನ್ನೊಂದು ಗಳಿಗೆಯಾಗಿದ್ದರೆ ನರೇಶ ಉಳಿಯುತ್ತಿರಲಿಲ್ಲ.

"ಸಲಾಕೆ ಕೆಳಗಾಕ್ರಲಾ!"

ಹುಲ್ಲಿನ ಹೊರೆ ಎಸೆದು ನುಗ್ಗಿದವರು ವೆಂಕಟರತ್ನಮ್ಮ. ನಮಗೆಲ್ಲ ಅಕ್ಕ, ನಲವತ್ತು ವರ್ಷ ಹಸುಗಳಿಗೆ ಹುಲ್ಲು ಕೊಯ್ದವರು. ಊರಿನ ಕಳವು, ಕೊಲೆ ಎಷ್ಟನ್ನೋ ಪತ್ತೆ ಮಾಡಿದ ಅವರ ಹಿಂದೆ ಬಾಲದಂತೆ ಸುತ್ತುವವನು ನಾನು. ಆದರೂ ಬುದ್ಧಿ ಬರಲಿಲ್ಲ ನೋಡಿ. ಅಕ್ಕ ನರೇಶನ ತೋಳು ತಿರುಗಿಸಿದರು.

"ಇದೆಂಗಾಯ್ತ್ಲಾ?"

"ನೆನ್ನೆ ಕಳ್ಳಿ ಬೇಲಿ ಕಡೀವಾಗ, ಅಕ್ಕಾ. ಯಾರೂ ಕೇಳ್ತಿಲ್ಲ."

ಅಕ್ಕ ನಮ್ಮತ್ತ ತಿರುಗಿದರು. "ಜಯರಾಮಾ, ನಿನ್ನ ಕೈ ನೋಡ್ಕೋ. ನಸುಗುನ್ನಿಗೆ ದದ್ದು ಏಳ್ತದೆ. ಇಂಗೆ ನೀರು ತುಂಬಿದ ಬೊಬ್ಬೆ ಕಳ್ಳಿ ಹಾಲಿಂದು. ಹಳೇ ಗಣಿ ಶೆಡ್ಡಿನ ಹಿಂದೆ ನಸುಗುನ್ನಿ ಪೊದೆ ಮುರಿದು ಬಿದ್ದದೆ, ಕಲ್ಲಿಗೆ ರಕ್ತ ಅದೆ. ಈಗ ನೋಡ್ಕೊಂಡು ಬಂದೆ. ಬೋಳು ದಿಬ್ಬದ ಮೇಲಿನ ಎಣದಾಗೆ ನಸುಗುನ್ನಿ ಅದೆ ಅಂತ ಮುಟ್ಟೋಕ್ ಮುಂಚೆ ಯಾರಿಗೆ ಗೊತ್ತಿತ್ತು? ಚೀಲ ಸುತ್ಕೊಂಡಿದ್ದೋನ್ಗೆ! ನೀವು ಎಣ ಇಳಿಸೋವಾಗ ದೂರದಿಂದ ಕಂಡೆ."

"ರಕ್ತಕ್ಕೆ ಏಸಿಗೆ ಆಗಿ ಸುತ್ಕೊಂಡೆ," ಎಂದ ವಿಜಯಕುಮಾರ್.

"ನರೇಶನ ಮೂತಿ ಒಡೆದಾಗ ಆ ಏಸಿಗೆ ಎಲ್ಲೋಗಿತ್ತ್ಲಾ?"

ಅವನು ಸಲಾಕೆ ಬಾಚಿ ಅಕ್ಕನ ತಲೆಗೆ ಬೀಸಿದ. ನಾನು ಅಡ್ಡ ಕೊಟ್ಟ ಭುಜದ ಮೂಳೆ ಲಟಕ್ಕೆಂದಿತು. ಬಾಲಾಜಿ ಅವನನ್ನು ನೆಲಕ್ಕೆ ಕೆಡವಿದ.

"ನಾನು ಗಣಿ ಕಬ್ಬಿಣ ಕದ್ದದ್ದು ಯೇಳ್ಬುಡ್ತೀನಿ ಅಂದ ವೇಣು! ಅದ್ಕೇ ಕೊಂದೆ!" ಎಂದು ವಿಜಯಕುಮಾರ್ ಅರಚಿದ.

ಜನ ಈಗ ಅವನ ಮೇಲೆ ಬಿದ್ದರು. "ಬಿಡ್ರಲಾ, ಪೊಲೀಸ್ರು ಬತ್ತವ್ರೆ! ಒಂದು ಸಲ ಮಾಡಿದ್ದು ಸಾಲ್ದಾ?" ಎಂದು ಅಕ್ಕ ಗದರಿದರು. ನನಗೆ ನಾಚಿಕೆಯಿಂದ ಸಾಯುವಂತಾಯಿತು. ನೆಟ್ಟಗಿದ್ದ ಕೈಯಿಂದ ಕಂಬದ ಹಗ್ಗ ಬಿಚ್ಚಲು ಹೋದೆ. ನರೇಶ ಕಣ್ಣು ಮುಚ್ಚಿ ತಲೆ ತಗ್ಗಿಸಿದ.

"ಒಡೀಬ್ಯಾಡ ಜಯರಾಮಣ್ಣಾ," ಎಂದ.