ಹಲ್ಲುರಾಯ ಸೀನಲಿಲ್ಲ

ಶವಪೆಟ್ಟಿಗೆಯ ಮುಚ್ಚಳ ತೆರೆದಾಗ ಹಲ್ಲುರಾಯ ಎದ್ದು ಕೂರಲಿಲ್ಲ, ಸೀನಲೂ ಇಲ್ಲ. ಥಿಯೇಟರಿನ ತುಂಬ ಕೂತಿದ್ದ ಜನ ಬಿದ್ದು ಬಿದ್ದು ನಕ್ಕರು.

ನಗುವುದಕ್ಕೇ ಬಂದವರು ಅವರು. ಪ್ರತಿ ಶನಿವಾರದ ಮ್ಯಾಟಿನಿಗೆ ಅದೇ ಹಳೆಯ ಕಪ್ಪುಬಿಳುಪಿನ ಚಿತ್ರ: ತನ್ನ ಪೆಟ್ಟಿಗೆಯ ದೂಳು ತನಗೇ ಆಗದೆ, ಕಚ್ಚಲು ಹೋದಾಗಲೆಲ್ಲ ಸೀನಿ ಕೆಡಿಸಿಕೊಳ್ಳುವ ರಕ್ತಪಿಶಾಚಿ ಹಲ್ಲುರಾಯನ ಕತೆ. ಬಾವಲಿಗೆ ಕಟ್ಟಿದ ದಾರ ಕಾಣುತ್ತಿತ್ತು, ಕೋಟೆಯ ಗೋಡೆ ಕೈ ತಾಗಿದರೆ ಅಲುಗುತ್ತಿತ್ತು. ಭಯ ಯಾವ ಬಾಗಿಲಿನಿಂದ ಬರುತ್ತದೆಂದು ಮೊದಲೇ ಗೊತ್ತಿದ್ದರೆ ಹೆದರುವುದೂ ಒಂದು ಸುಖ. ಕೊನೆಗೂ ಅವನು ನಾಯಕಿಯ ಎಡಗತ್ತಿಗೆ ಬಾಯಿ ಹಾಕಿದಾಗ ಇಡೀ ಥಿಯೇಟರು ತಂತಮ್ಮ ಎಡಗತ್ತನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಿರುಚುತ್ತಿತ್ತು.

ಚಿತ್ರಕ್ಕೆ ಮುಂಚೆ, ಆ ಪಾತ್ರ ಮಾಡಿದ್ದ ಮುದುಕನೇ ವೇದಿಕೆಯ ಮೇಲೆ ಪೆಟ್ಟಿಗೆಯಿಂದ ಏಳುವ ಪದ್ಧತಿ. ಜನ ಒಳಗೆ ಬರುವ ಮೊದಲೇ, ಅರ್ಧ ಗಂಟೆ ಮುಂಚೆ, ಮೊಮ್ಮಗಳು ಬಣ್ಣ ಹಚ್ಚಿ, ಮಲಗಿಸಿ, ಚಿಲಕ ಹಾಕುತ್ತಿದ್ದಳು. ಅವನು ಒಳಗಿಂದ ಗುರುಗುಟ್ಟಿ ಮುಚ್ಚಳ ಬಡಿಯುತ್ತಿದ್ದ, ಅವಳು ಚಿಲಕ ತೆಗೆದೊಡನೆ ಎದ್ದು ಕೂತು ಸೀನುತ್ತಿದ್ದ.

ಆ ದಿನ ಬಡಿತ ಎಂದಿಗಿಂತ ಜೋರಾಗಿತ್ತು. ಜನ ಅದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಟಿಕೆಟ್ ಕೌಂಟರು ಮುಚ್ಚಿ ಬಂದು ಬಾಗಿಲಲ್ಲಿ ನಿಂತಿದ್ದ, ಮೇಲ್ಮನೆಯ ಡಾಕ್ಟರಮ್ಮನ ನಾದಿನಿಯೂ ತಟ್ಟಿದಳು. ಬಡಿತ ನಿಧಾನವಾಯಿತು, ಚಪ್ಪಾಳೆಯೂ ನಿಧಾನವಾಯಿತು. ಬಡಿತ ನಿಂತಿತು, ಚಪ್ಪಾಳೆಯೂ ನಿಂತಿತು.

ಈಗ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ ಮುದುಕನ ಬಲಗತ್ತಿನ ಮೇಲೆ ಎರಡು ಕೆಂಪು ಚುಕ್ಕೆಗಳಿದ್ದವು. ಕಚ್ಚುವವನನ್ನೇ ಯಾರೋ ಕಚ್ಚಿದ್ದಾರೆ! ನಗು ಇನ್ನೂ ಏರಿತು.

"ನಗಬೇಡ್ರೋ! ದೀಪ ಹಾಕಿ!"

ಕೂಗಿದವಳು ನಾದಿನಿಯ ಅತ್ತಿಗೆ. ನಿವೃತ್ತ ಹಲ್ಲಿನ ಡಾಕ್ಟರು. ಥಿಯೇಟರಿನ ಮೇಲ್ಮನೆಯಲ್ಲೇ ಇಬ್ಬರ ವಾಸ. ಬೀದಿಯಲ್ಲಿ ಏನು ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ವೇದಿಕೆಗೆ ಹತ್ತಿ ಮುದುಕನ ಹಣೆ ಮುಟ್ಟಿದಳು.

"ಬೆವರಲ್ಲಿ ತೊಯ್ದುಹೋಗಿದಾರೆ. ಮೈ ಐಸಾಗಿದೆ. ಸಕ್ಕರೆ ತಗೊಂಡು ಬಾರೇ, ಓಡು!"

ನಾದಿನಿ ಓಡಿದಳು. ಅವಳು ತಂದ ಸಕ್ಕರೆಯನ್ನು ಅತ್ತಿಗೆ ಮುದುಕನ ಕೆನ್ನೆಯೊಳಗೆ ಉಜ್ಜಿದಳು. ಸೆರಗಿನಿಂದ ಚುಕ್ಕೆಗಳನ್ನು ಒರೆಸಿದಾಗ ಎರಡೂ ಅಳಿಸಿಹೋದವು, ಬರೀ ಬಣ್ಣ. ಆದರೆ ಒಂದರ ಕೆಳಗೆ ಸೂಜಿಯ ಮೊನೆಯಷ್ಟು ಗಾಯವಿತ್ತು. ನಾದಿನಿ ತನ್ನ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

ಸಂಜೆಯ ಹೊತ್ತಿಗೆ ಆಸ್ಪತ್ರೆಯಿಂದ ಸುದ್ದಿ ಬಂತು: ಯಾರೋ ಇನ್ಸುಲಿನ್ ಚುಚ್ಚಿದ್ದಾರೆ. ಮುದುಕನಿಗೆ ಇನ್ನೂ ಎಚ್ಚರವಿಲ್ಲ, ಉಳಿಯುವುದು ಅನುಮಾನ.

"ಮೊಮ್ಮಗಳು ಆಸ್ಪತ್ರೆ ನರ್ಸು. ಬಣ್ಣದ ಡಬ್ಬಿ ಅವಳದು, ಚಿಲಕ ಹಾಕಿದ್ದೂ ಅವಳೇ," ಎಂದ ಥಿಯೇಟರಿಗೆ ಬಂದಿದ್ದ ಇನ್ಸ್‌ಪೆಕ್ಟರ್. "ಇನ್ನೇನು ಬೇಕು? ನಡಿಯಮ್ಮ ಸ್ಟೇಷನ್ನಿಗೆ."

"ತಾತ ಅಲ್ಲಿ ಒಬ್ರೇ ಮಲಗಿದಾರೆ ಸಾರ್," ಎಂದಳು ಹುಡುಗಿ. "ಚಿಲಕ ಹಾಕಿ ನೀರು ಕುಡಿಯೋಕೆ ಹೋಗಿದ್ದೆ, ಅಷ್ಟೇ."

"ಎಲ್ಲರೂ ಒಂದು ನಿಮಿಷ ವೇದಿಕೆ ಹತ್ತಿ," ಎಂದಳು ಅತ್ತಿಗೆ. "ಆಮೇಲೆ ಬೇಕಾದರೆ ನನ್ನನ್ನೂ ಕರ್ಕೊಂಡು ಹೋಗಿ."

ಪರದೆಯ ಮುಂದೆ ಎಲ್ಲರೂ ಸೇರಿದರು. ಥಿಯೇಟರಿನ ಗಂಟುಮುಖದ ಯಜಮಾನ, "ಈ ಪಿಶಾಚಿ ಬದುಕಿರೋ ತನಕ ಥಿಯೇಟರ್ ಮಾರಲ್ಲ ಅಂತ ಮಾತು ಕೊಟ್ಟು ಕೆಟ್ಟೆ," ಎಂದು ದಿನಾ ಗೊಣಗುವವನು, ಬೆವರೊರೆಸಿಕೊಳ್ಳುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಆಫೀಸಿನ ಫ್ರಿಜ್ಜಿನಲ್ಲೇ ಇರುತ್ತಿತ್ತು. ಅವನ ಮಗ ಚಿಕ್ಕ ಯಜಮಾನ ಹುಡುಗಿಗೆ ನೀರಿನ ಲೋಟ ಹಿಡಿದು ನಿಂತಿದ್ದ.

"ನಾನು ಈ ಪಿಕ್ಚರ್ ನೋಡ್ಕೊಂಡೇ ಬೆಳೆದವನು ಡಾಕ್ಟರಮ್ಮ," ಎಂದ ಮಗ. "ಪರದೆ ಹಿಂದಿನ ಬೆಂಚೇ ನನ್ನ ತೊಟ್ಟಿಲು. ಈಗಲೂ ಅಲ್ಲೇ ಕೂರೋದು. ತಾತನಿಗೆ ಹೀಗಾಯ್ತಲ್ಲ!"

"ಹಾಗಾದರೆ ಸುಲಭ ಆಯ್ತು. ಎಲ್ಲರೂ ಕಣ್ಣು ಮುಚ್ಚಿ. ಹಲ್ಲುರಾಯ ನಾಯಕಿಗೆ ಎಲ್ಲಿ ಕಚ್ತಾನೋ, ನಿಮ್ಮ ಕತ್ತಿನ ಮೇಲೆ ಅಲ್ಲೇ ಕೈ ಇಟ್ಕೊಳ್ಳಿ. ನೀವೂ, ಇನ್ಸ್‌ಪೆಕ್ಟರೇ. ನಿಮ್ಮನ್ನ ಬಾಲ್ಕನೀಲಿ ನೋಡಿದೀನಿ."

ಇನ್ಸ್‌ಪೆಕ್ಟರ್ ಕೆಮ್ಮಿ ಕೈ ಎತ್ತಿದ.

"ಕಣ್ಣು ಬಿಡಿ."

ಎಲ್ಲರ ಕೈ ಎಡಗತ್ತಿನ ಮೇಲಿತ್ತು. ಚಿಕ್ಕ ಯಜಮಾನನ ಕೈ ಮಾತ್ರ ಬಲಗತ್ತಿನ ಮೇಲೆ.

"ಬಟ್ಟೆಯ ಪರದೆ," ಎಂದಳು ಅತ್ತಿಗೆ. "ಹಿಂದೆ ಕೂತವರಿಗೆ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ತಾತನ ಜೊತೆ ದಿನಾ ಒಡನಾಡೋ ಮೊಮ್ಮಗಳು ಚುಕ್ಕೆ ಇಟ್ಟಿದ್ದರೆ ಎಡಕ್ಕೇ ಇಡ್ತಿದ್ಲು. ನಿಮ್ಮಪ್ಪ ಇಟ್ಟಿದ್ದರೂ ಎಡಕ್ಕೇ. ಹುಡುಗಿ ನೀರಿಗೆ ಹೋದಾಗ ನೀವು ಚಿಲಕ ತೆಗೆದ್ರಿ. 'ಇವತ್ತು ಹೊಸ ಜೋಕು ತಾತ, ಅಲ್ಲಾಡಬೇಡಿ' ಅಂದಿರಬೇಕು. ಬಣ್ಣ ಅಂದ್ರೆ ನಟ ಕಣ್ಣು ಮುಚ್ಚಿ ಕತ್ತು ಕೊಡ್ತಾನೆ. ಚುಚ್ಚಿ, ಮೇಲೆ ಚುಕ್ಕೆ ಇಟ್ಟು, ಮತ್ತೆ ಚಿಲಕ ಹಾಕಿದ್ರಿ. ಚುಕ್ಕೆಯಿಂದ ಗಾಯ ಮುಚ್ಚಿತು, ಅನುಮಾನ ಹುಡುಗಿ ಕಡೆ ತಿರುಗಿತು. ತಾತ ಹೋದರೆ ನಿಮ್ಮಪ್ಪ ಕೊಟ್ಟ ಮಾತೂ ಮುಗೀತು, ಥಿಯೇಟರ್ ಮಾರಿ ದುಡ್ಡು ಮಾಡಬಹುದು. ಶೋ ಮುಗಿಯೋವರೆಗೆ ತಾತ ಊಟ ಮಾಡಲ್ಲ, ಅದೂ ನಿಮಗೆ ಗೊತ್ತು. ತಲೆ ಸುತ್ತಿದಾಗ ಅವರು ಬಡಿದ್ರು."

"ನಾವು ಚಪ್ಪಾಳೆ ತಟ್ಟಿದ್ವಿ," ಎಂದಳು ನಾದಿನಿ.

"ಅದನ್ನೇ ಇವರು ನೆಚ್ಚಿಕೊಂಡಿದ್ದು."

"ಸುಳ್ಳು! ಕೈ ಎಲ್ಲಿಟ್ಟೆ ಅಂತ ಗಲ್ಲಿಗೆ ಹಾಕ್ತೀರಾ?" ಎಂದು ಮಗ ಕೂಗಿದ. ಆಗಲೇ ಇನ್ಸ್‌ಪೆಕ್ಟರಿನ ಫೋನು ಬಡಿದುಕೊಂಡಿತು. ಕೇಳಿಸಿಕೊಂಡು ಅವನು ಮೆಲ್ಲಗೆ ಹೇಳಿದ: "ತಾತ ಕಣ್ಣು ಬಿಟ್ಟಿದಾರೆ. 'ಚಿಕ್ಕ ಯಜಮಾನ್ರ ಹೊಸ ಜೋಕು ಚೆನ್ನಾಗಿರಲಿಲ್ಲ' ಅಂದ್ರಂತೆ."

ಮೊಮ್ಮಗಳು ಬಿಕ್ಕಿ ಅತ್ತು ಬಾಗಿಲ ಕಡೆ ಓಡಿದಳು. ಯಜಮಾನ ಖಾಲಿ ಸೀಟುಗಳನ್ನು ನೋಡುತ್ತ ಕುಸಿದು ಕೂತ. "ಮುಂದಿನ ಸೀಟೆಲ್ಲ ಗಿರಾಕಿಗಳಿಗೆ, ನೀನು ಹಿಂದೆ ಹೋಗಿ ಕೂರು ಅಂತ ನಾನೇ ಅಂದಿದ್ದೆ," ಎಂದ. ಮಗ ಅಪ್ಪನ ಮುಖ ನೋಡಲಿಲ್ಲ.

ಹಲ್ಲುರಾಯ ಮತ್ತೆ ಪೆಟ್ಟಿಗೆ ಹತ್ತಿದ ಶನಿವಾರ ಥಿಯೇಟರು ಭರ್ತಿ. ಒಳಗಿಂದ ಬಡಿತ ಕೇಳಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲು ಆಗಲೇ ಎದ್ದು ನಿಂತಿತ್ತು. ಬಾಗಿಲಲ್ಲಿದ್ದ ನಾದಿನಿ ಮುಷ್ಟಿ ಬಿಗಿಹಿಡಿದಳು. ಬೆಳಿಗ್ಗೆ ತಾನೇ ಬಿಚ್ಚಿ ತೆಗೆದಿದ್ದ ಪೆಟ್ಟಿಗೆಯ ಚಿಲಕ ಆ ಮುಷ್ಟಿಯಲ್ಲಿತ್ತು.

ಮುಚ್ಚಳ ತಾನಾಗಿ ಮೇಲೆದ್ದಿತು. ಮುದುಕ ಕೂತು, ಎಲ್ಲರನ್ನೂ ನಿಧಾನವಾಗಿ ನೋಡಿ, ಮೂಗು ಏರಿಸಿ, ಸೀನಿದ.

ಮೊದಲು ನಕ್ಕವಳು ನಾದಿನಿ. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು.